ಗುಳಿಗೆಗೂ ಕಾಫಿಗೂ ನಡುವೆ ಒಂದು ತಾಸು

ಥೈರಾಯ್ಡ್, ಸಂಧಿವಾತ, ಲೂಪಸ್: ಒಮ್ಮೆ ಬಂದರೆ ಬದುಕಿನುದ್ದಕ್ಕೂ ಜೊತೆಗಿರುವ ಕಾಯಿಲೆಗಳು. ಇವನ್ನು ಇಟ್ಟುಕೊಂಡು ಕಾಫಿ ಕುಡಿಯಬಹುದೇ? ಧಾರಾಳವಾಗಿ ಕುಡಿಯಬಹುದು. ಆದರೆ ಯಾವಾಗ ಕುಡಿಯುತ್ತೀರಿ ಎಂಬುದರ ಮೇಲೆ ಗುಳಿಗೆಯ ಹಣೆಬರಹ ನಿಂತಿದೆ. ಆ 'ಯಾವಾಗ' ಎಂಬುದು ಮನೆಯ ಹೆಂಗಸಿನ ಕೈಯಲ್ಲಿ ಇರುವುದೇ ಇಲ್ಲ.

ಆಷಾಢದ ಮಳೆ ಹಿಡಿದರೆ ಖಾನಾಪುರದಲ್ಲಿ ಬೆಳಗಾದದ್ದು ಬೆಳಕಿನಿಂದ ತಿಳಿಯುವುದಿಲ್ಲ, ಅಡುಗೆಮನೆಯ ಸಪ್ಪಳದಿಂದ ತಿಳಿಯುತ್ತದೆ. ಹೊರಗೆ ಹಂಚಿನ ಮಾಡಿನಿಂದ ನೀರು ಸುರಿಯುತ್ತಿರುತ್ತದೆ. ಕಣಕುಂಬಿಯ ಕಡೆಯಿಂದ ಬರುವ ಮಲಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿರುತ್ತಾಳೆ. ಐದೂವರೆಗೆ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಎದ್ದು ದೀಪ ಹಾಕುತ್ತಾರೆ.

ಅವರು ಮೊದಲು ಮಾಡುವ ಕೆಲಸ, ಗೋಡೆಯ ಮಾಡದಲ್ಲಿನ ಪುಟ್ಟ ಬಾಟಲಿ ತೆಗೆದು ಥೈರಾಯ್ಡಿನ ಬಿಳಿ ಗುಳಿಗೆಯೊಂದನ್ನು ನೀರಿನೊಂದಿಗೆ ನುಂಗುವುದು. ಎರಡನೆಯದು, ರಾತ್ರಿಯೇ ಫಿಲ್ಟರಿಗೆ ಹಾಕಿಟ್ಟ ಡಿಕಾಕ್ಷನ್ನಿಗೆ ಹಾಲು ಬೆರೆಸಿ ನಿಂತಲ್ಲೇ ಕುಡಿಯುವುದು. ಎರಡರ ನಡುವೆ ಹಾಲು ಕಾಯುವಷ್ಟೇ ಹೊತ್ತು. ಆಮೇಲೆ ಮಾವನವರ ಚಹಾ, ಮಕ್ಕಳ ಡಬ್ಬಿ, ಬೆಳಗಾವಿ ಬಸ್ಸು ಹಿಡಿಯುವ ಅಣ್ಣನಿಗೆ ರೊಟ್ಟಿ, ಪಲ್ಯೆ.

ವೈನಿ ತೀರ್ಥಹಳ್ಳಿ ಕಡೆಯವರು. ಖಾನಾಪುರದ್ದು ಚಹಾದ ಮನೆ. ಇಡೀ ತಾಲ್ಲೂಕೇ ಚಹಾದ್ದು. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಪುಣೆ, ಮುಂಬಯಿ ಕಡೆಯ ಚಹಾದ ರುಚಿ ಇಲ್ಲಿ ಬೇರುಬಿಟ್ಟಿತು. ಕಾಫಿ ಬಂದದ್ದು ಉಡುಪಿ ಹೋಟೆಲುಗಳಿಂದ, ವರ್ಗವಾಗಿ ಬಂದ ದಕ್ಷಿಣದ ನೌಕರರಿಂದ, ನಮ್ಮ ವೈನಿಯಂಥ ಸೊಸೆಯಂದಿರಿಂದ. ಈ ಮನೆಯಲ್ಲಿ ಅವರ ತವರಿನದು ಎಂದು ಉಳಿದದ್ದು ಆ ಫಿಲ್ಟರ್ ಒಂದೇ. ಅದನ್ನು ಬಿಡು ಎಂದು ಹೇಳಲು ನನಗಂತೂ ಬಾಯಿ ಬರಲಿಲ್ಲ.

ಆದರೆ ರಕ್ತ ತಪಾಸಣೆಯ ಚೀಟಿ ಬೇರೆಯೇ ಹೇಳುತ್ತಿತ್ತು. ಗುಳಿಗೆ 50 ಮೈಕ್ರೋಗ್ರಾಂನಿಂದ 75ಕ್ಕೆ, 75ರಿಂದ 100ಕ್ಕೆ ಏರಿತು. ಥೈರಾಯ್ಡ್ ಕೊರತೆಯಾದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ ಮಾತ್ರ ಇಳಿಯಲಿಲ್ಲ. ಕಾಲು ಬಾತುಕೊಳ್ಳುವುದು, ಮಧ್ಯಾಹ್ನವೇ ಕಣ್ಣು ಎಳೆಯುವುದು, ಬಾಚಣಿಗೆಯ ತುಂಬ ಕೂದಲು, ಯಾವುದೂ ನಿಲ್ಲಲಿಲ್ಲ. ಪ್ರತಿ ಸಲವೂ ಇಪ್ಪತ್ತಾರು ಕಿಲೋಮೀಟರು ಬಸ್ಸಿನಲ್ಲಿ ಬೆಳಗಾವಿ, ರಕ್ತ ಕೊಡುವುದು, ಮತ್ತೆ ಬಸ್ಸು.

ಕೊನೆಗೆ ವೈದ್ಯೆಯೊಬ್ಬರು ಪೆನ್ನು ಕೆಳಗಿಟ್ಟು ಕೇಳಿದರು: "ಗುಳಿಗಿ ತಗೊಂಡ ಮ್ಯಾಲ ಏನ್ ಕುಡೀತೀರಿ, ಅಕ್ಕಾರ?"

ಮೆಸ್ಸಿನಾದ ಎಂಟು ಹೆಂಗಸರು

ಇಟಲಿಯವರ ಕಾಫಿ ಎಸ್‌ಪ್ರೆಸೊ: ಪುಟ್ಟ ಕಪ್ಪು, ಹಾಲಿಲ್ಲ, ಎದ್ದ ಕೂಡಲೇ ಬೇಕು. ಸಿಸಿಲಿ ದ್ವೀಪದ ಮೆಸ್ಸಿನಾ ವಿಶ್ವವಿದ್ಯಾಲಯದ ಸಾಲ್ವತೋರೆ ಬೆನ್ವೆಂಗಾ ಮತ್ತು ಸಂಗಡಿಗರ ಬಳಿಗೂ ಇಂಥದೇ ಹೆಂಗಸರು ಬರುತ್ತಿದ್ದರು. ಲಿವೊಥೈರಾಕ್ಸಿನ್ ಎಂಬ ಇದೇ ಥೈರಾಯ್ಡ್ ಗುಳಿಗೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ಟಿಎಸ್‌ಎಚ್ ಹತೋಟಿಗೆ ಬರುತ್ತಿರಲಿಲ್ಲ. ವಿಚಾರಿಸಿದರೆ ಎಲ್ಲರದೂ ಒಂದೇ ರೂಢಿ. ಗುಳಿಗೆ, ಅದರ ಬೆನ್ನಿಗೇ ಕಾಫಿ.

2008ರಲ್ಲಿ ಆ ತಂಡ ಎಂಟು ರೋಗಿಗಳ ಕತೆಯನ್ನೂ ಒಂಬತ್ತು ಮಂದಿ ಆರೋಗ್ಯವಂತರ ಮೇಲೆ ನಡೆಸಿದ ಪರೀಕ್ಷೆಯನ್ನೂ ಪ್ರಕಟಿಸಿತು. ಗುಳಿಗೆಯನ್ನು ನೀರಿನೊಂದಿಗೆ ನುಂಗಿದಾಗ ರಕ್ತಕ್ಕೆ ಸೇರುವುದಕ್ಕಿಂತ ಕಾಫಿಯೊಂದಿಗೆ ನುಂಗಿದಾಗ ಸೇರುವುದು ಕಾಲುಭಾಗಕ್ಕಿಂತಲೂ ಹೆಚ್ಚು ತಗ್ಗಿತ್ತು, ತಡವಾಗಿಯೂ ಸೇರುತ್ತಿತ್ತು. ಗುಳಿಗೆ ನುಂಗಿ ಒಂದು ತಾಸು ಬಿಟ್ಟು ಕಾಫಿ ಕುಡಿದರೆ ಈ ತೊಂದರೆ ಇರಲಿಲ್ಲ.

ಕಾರಣ ಸರಳ. ಲಿವೊಥೈರಾಕ್ಸಿನ್ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಹೊಟ್ಟೆ ಖಾಲಿ ಇದ್ದಾಗಲೂ ನುಂಗಿದ್ದರಲ್ಲಿ ನೂರಕ್ಕೆ ಅರವತ್ತರಿಂದ ಎಂಬತ್ತು ಭಾಗ ಮಾತ್ರ ಸೇರುತ್ತದೆ. ಅಳತೆಯೋ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಭಾಗ. ಇಷ್ಟು ಸಣ್ಣ ಲೆಕ್ಕದಲ್ಲಿ ಕಾಲುಭಾಗ ಹೋದರೆ ಇಡೀ ದಿನದ ಶಕ್ತಿಯೇ ಹೋಯಿತು. ನಮ್ಮ ಕಾಫಿಯಲ್ಲಿ ಹಾಲೂ ಇರುತ್ತದೆ. ಹಾಲಿನ ಕ್ಯಾಲ್ಸಿಯಂ ಇನ್ನಷ್ಟು ಅಡ್ಡಿ ಮಾಡುತ್ತದೆ. ಹಾಲು ಹಾಕಿದ ಚಹಾ ಕುಡಿಯುವವರಿಗೂ ಇದೇ ಒಂದು ತಾಸಿನ ನೇಮ.

ಇದರಲ್ಲಿ ಇನ್ನೊಂದು ಅಪಾಯವಿದೆ. ಕಾಫಿಯೊಂದಿಗೇ ಗುಳಿಗೆ ನುಂಗುವವರಿಗೆ ವೈದ್ಯರು ಪ್ರಮಾಣ ಏರಿಸುತ್ತಾ ಹೋಗುತ್ತಾರೆ. ಒಂದು ದಿನ ಆಕೆ ಶ್ರಾವಣದ ವ್ರತಕ್ಕೆಂದು ಕಾಫಿ ಬಿಡುತ್ತಾಳೆ. ಏರಿಸಿದ ಗುಳಿಗೆ ಈಗ ಕಾಫಿಯ ಅಡ್ಡಿಯಿಲ್ಲದೆ ರಕ್ತಕ್ಕೆ ಇಳಿಯುತ್ತದೆ. ಕೆಲವು ವಾರಗಳಲ್ಲಿ ಎದೆ ಬಡಿತ, ಕೈ ನಡುಕ, ನಿದ್ದೆಗೇಡು ಶುರು. ವಯಸ್ಸಾದವರಲ್ಲಿ ಹೃದಯದ ಲಯವೇ ತಪ್ಪಬಹುದು, ಮೂಳೆ ಸವೆಯಬಹುದು. ಹೀಗಾಗಿ ಕಾಫಿ ಶುರು ಮಾಡುವಾಗಲೂ ಬಿಡುವಾಗಲೂ ವೈದ್ಯರಿಗೆ ಹೇಳಬೇಕು.

> ಲೋಟದಲ್ಲಿ ಎಷ್ಟಿದೆ?
> ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಲೆಕ್ಕ ಇದು. 150 ಮಿಲಿ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನಕ್ಕೆ ಎಲ್ಲ ಸೇರಿ 300 ಮಿಲಿಗ್ರಾಂ ಮೀರಬಾರದು. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ನಂತರ ಚಹಾ, ಕಾಫಿ ಬೇಡ.
> ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲ. ಕಾಫಿ-ಚಿಕೋರಿ ಮಿಶ್ರಣದ ಪುಡಿಯಲ್ಲಿ ಕನಿಷ್ಠ ನೂರಕ್ಕೆ 51 ಭಾಗ ಕಾಫಿ ಇರಲೇಬೇಕೆಂಬುದು ಕಾನೂನು. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ.

ತನ್ನ ಮೇಲೇ ತಿರುಗಿಬೀಳುವ ದೇಹ

ಊರಲ್ಲಿ ಥೈರಾಯ್ಡ್ ಕೊರತೆಗೆ 'ಥೈರಾಯ್ಡ್ ಆಗೇದ' ಎನ್ನುವುದು ರೂಢಿ. ಉಪ್ಪಿನಲ್ಲಿ ಅಯೋಡಿನ್ ಕಡಿಮೆಯಾಗಿ ಬಂದದ್ದು ಎಂದು ಅನೇಕರು ಇನ್ನೂ ನಂಬಿದ್ದಾರೆ. ಹಿಂದೆ ಅದು ನಿಜವೂ ಆಗಿತ್ತು. ಗಳಗಂಡ ತಡೆಯಲೆಂದೇ ದೇಶದಲ್ಲಿ 1962ರಲ್ಲಿ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಉಪ್ಪು ಮನೆ ಮನೆಗೆ ಬಂದ ಮೇಲೆ ಮುಂದೆ ಬಂದ ಕಾರಣ ಬೇರೆ. ಸೋಂಕಿನೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಕೊರಳಿನ ಗ್ರಂಥಿಯನ್ನೇ ಪರಕೀಯವೆಂದು ಬಗೆದು ನಿಧಾನವಾಗಿ ಹಾಳುಮಾಡುತ್ತದೆ. ಇದೇ ಆಟೊಇಮ್ಯೂನ್ ಕಾಯಿಲೆ. ಥೈರಾಯ್ಡಿಗೆ ಬಂದರೆ ಹಾಶಿಮೊಟೊ, ಕೀಲಿಗೆ ಬಂದರೆ ರುಮಟಾಯ್ಡ್ ಸಂಧಿವಾತ. ಲೂಪಸ್ ಚರ್ಮ, ಕೀಲು, ಮೂತ್ರಪಿಂಡ ಎಂದು ಹಲವು ಕಡೆ ಕೈಹಾಕುತ್ತದೆ.

ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು 11 ವಯಸ್ಕರಿಗೆ ಥೈರಾಯ್ಡ್ ಕೊರತೆ ಇತ್ತು. ಗ್ರಂಥಿಯ ಮೇಲೆ ದಾಳಿ ನಡೆದಿರುವ ಸುಳಿವು ಕೊಡುವ ಪ್ರತಿಕಾಯಗಳು ನೂರಕ್ಕೆ 22 ಮಂದಿಯ ರಕ್ತದಲ್ಲಿದ್ದವು. ಆ ಎಂಟರಲ್ಲಿ ಬೆಂಗಳೂರೂ ಇತ್ತು, ನಮ್ಮ ಘಟ್ಟದ ಕೆಳಗಿನ ಗೋವೆಯೂ ಇತ್ತು. ಗಂಡಸರಿಗಿಂತ ಹೆಂಗಸರಿಗೆ ಈ ಕಾಯಿಲೆ ಹಲವು ಪಟ್ಟು ಹೆಚ್ಚು.

> ಹಳ್ಳಿ ವೈದ್ಯನ ಹೆಸರು
> ಹಕಾರು ಹಾಶಿಮೊಟೊ (1881–1934) ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಯುವ ಶಸ್ತ್ರವೈದ್ಯ. ನಾಲ್ವರು ಹೆಂಗಸರ ಊದಿದ ಥೈರಾಯ್ಡ್ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಹೊಸ ಬಗೆಯ ಕಾಯಿಲೆ ಎಂದು 1912ರಲ್ಲಿ ಜರ್ಮನ್ ಪತ್ರಿಕೆಯಲ್ಲಿ ಬರೆದರು. ಆಮೇಲೆ ಹುಟ್ಟೂರಿಗೆ ಮರಳಿ ಮನೆತನದ ದವಾಖಾನೆ ನಡೆಸಿದರು. ಟೈಫಾಯ್ಡಿನಿಂದ ತೀರಿಕೊಂಡಾಗ ಅವರಿಗೆ 52 ವರ್ಷ. ಇದು ದೇಹ ತನ್ನ ಮೇಲೇ ನಡೆಸುವ ದಾಳಿ ಎಂದು ಲಂಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟದ್ದು 1956ರಲ್ಲಿ.

ಆ ತಾಸು ಯಾರದು?

ವೈದ್ಯೆಯ ಮಾತು ಕೇಳಿ ಬಂದ ವೈನಿ ಅಂದೇ ಹೇಳಿದರು: "ಹೊಟ್ಟಿ ಖಾಲಿ ಇಟ್ಟು ಒಂದು ತಾಸು ಸುಮ್ನ ಇರ್ರಿ ಅಂದಾರ. ಆ ತಾಸಿನಾಗ ನಾಲ್ಕು ಮಂದೀದು ಚಹಾ, ಎರಡು ಡಬ್ಬಿ, ರೊಟ್ಟಿ. ಬಿಸಿ ಏನಾರ ಒಳಗ ಹೋಗ್ಲಿಲ್ಲಂದ್ರ ನನ್ನ ಕೈ ಆಡೂದಿಲ್ಲ."

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಆಕೆ. ಈ ಕಾಯಿಲೆ ಹೆಚ್ಚಾಗಿ ಬರುವುದೂ ಆಕೆಗೇ. ಮಳೆಗಾಲದ ಥಂಡಿಯಲ್ಲಿ, ಥೈರಾಯ್ಡ್ ಕೊರತೆಯಿಂದ ಮೊದಲೇ ಚಳಿ ತಡೆಯದ ಮೈಯಲ್ಲಿ, ಕುದಿಯುವ ಚಹಾದ ಪಾತ್ರೆಯ ಎದುರು ನಿಂತು ತಾನೊಬ್ಬಳೇ ಕುಡಿಯದೆ ಇರಬೇಕು. ಸಕ್ಕರೆ ಸರಿಯಾಯಿತೇ ಎಂದು ಒಂದು ಗುಟುಕು ನೋಡುವುದೂ ಬೇಡ. 'ಖಾಲಿ ಹೊಟ್ಟೆಯಲ್ಲಿ' ಎಂದು ಚೀಟಿಯಲ್ಲಿ ಬರೆದರೆ ವೈದ್ಯರ ಕೆಲಸ ಮುಗಿಯಿತು. ಆ ತಾಸನ್ನು ಆಕೆಗೆ ಬಿಡಿಸಿಕೊಡುವ ಕೆಲಸ ಮನೆಯ ಉಳಿದವರದು. ಅದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಅಣ್ಣ ಈಗ ಐದೂವರೆಗೆ ಎದ್ದು ತಂದೆಯ ಚಹಾ ತಾನೇ ಮಾಡುತ್ತಾನೆ. ಮೊದಲ ವಾರ ಮಾವನವರಿಗೆ ಅದು ಹಿಡಿಸಲಿಲ್ಲ. "ಸೊಸಿ ಕೈಯಾಗಿಂದ ಚಹಾ ಇದಲ್ಲ" ಎಂದರು. ಎರಡು ತಿಂಗಳಾದ ಮೇಲೆ ಟಿಎಸ್‌ಎಚ್ ಮೊದಲ ಸಲ ಇಳಿದದ್ದನ್ನು ಕೇಳಿ, ಚಹಾದ ಲೋಟವನ್ನು ತಾವೇ ಎದ್ದು ಬಂದು ತೆಗೆದುಕೊಂಡರು.

ರಾತ್ರಿ ಮಲಗುವಾಗ ಗುಳಿಗೆ ತೆಗೆದುಕೊಳ್ಳುವ ದಾರಿಯೂ ಇದೆ. ನೆದರ್ಲೆಂಡ್ಸಿನಲ್ಲಿ 90 ರೋಗಿಗಳು ಮೂರು ತಿಂಗಳು ಬೆಳಿಗ್ಗೆ, ಮೂರು ತಿಂಗಳು ರಾತ್ರಿ ಗುಳಿಗೆ ತೆಗೆದುಕೊಂಡ ಅಧ್ಯಯನ 2010ರಲ್ಲಿ ಹೊರಬಂತು. ರಾತ್ರಿಯ ಗುಳಿಗೆಯಲ್ಲಿ ಟಿಎಸ್‌ಎಚ್ ಇನ್ನೂ ಚೆನ್ನಾಗಿ ಇಳಿದಿತ್ತು. ಮೈಯ ಸುಸ್ತಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ರಾತ್ರಿಯ ಊಟವಾಗಿ ಮೂರು ತಾಸು ಕಳೆದಿರಬೇಕು. ಏಳೂವರೆಗೆ ಉಣ್ಣುವ ಮನೆಗೆ ಇದು ಹೊಂದುತ್ತದೆ. ಗಂಡ ಬೆಳಗಾವಿಯಿಂದ ಮರಳಿದ ಮೇಲೆ ಒಂಬತ್ತೂವರೆಗೆ ಉಂಡು, ಪಾತ್ರೆ ತೊಳೆದು, ಹತ್ತೂವರೆಗೆ ಮಲಗುವ ನಮ್ಮಲ್ಲಿನ ಹೆಂಗಸರಿಗೆ ಹೊಂದುವುದಿಲ್ಲ. ವೈದ್ಯರೊಡನೆ ತಮ್ಮ ಮನೆಯ ಊಟದ ಹೊತ್ತನ್ನು ಬಿಚ್ಚಿ ಹೇಳಿದರೆ ದಾರಿ ಸಿಕ್ಕೀತು.

> ಗುಳಿಗೆಯ ಗಡಿಯಾರ
> ಲಿವೊಥೈರಾಕ್ಸಿನ್: ಬರೀ ನೀರಿನೊಂದಿಗೆ, ತಿಂಡಿ, ಚಹಾ, ಕಾಫಿ ಒಂದು ತಾಸಿನ ಮೇಲೆ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ನಾಲ್ಕು ತಾಸು ಅಂತರ. ಪ್ರಮಾಣ ಅಥವಾ ರೂಢಿ ಬದಲಿಸಿದರೆ ಆರರಿಂದ ಎಂಟು ವಾರದ ನಂತರ ಟಿಎಸ್‌ಎಚ್ ತಪಾಸಣೆ.
> ರಕ್ತಹೀನತೆ ಇದ್ದವರಿಗೆ: 1983ರ ಅಮೆರಿಕದ ಅಧ್ಯಯನದಲ್ಲಿ ಊಟದೊಂದಿಗೆ ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನು ನೂರಕ್ಕೆ 39ರಷ್ಟು, ಚಹಾ 64ರಷ್ಟು ತಗ್ಗಿಸಿತ್ತು. ಊಟಕ್ಕೆ ಒಂದು ತಾಸು ಮೊದಲು ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ. ಊಟವಾಗಿ ಒಂದು ತಾಸಿಗೆ ಕುಡಿದದ್ದು ಮಾತ್ರ ಊಟದ ಜೊತೆ ಕುಡಿದಷ್ಟೇ ಅಡ್ಡಿ ಮಾಡಿತು.

ಕೀಲುಬೇನೆಯವರ ಕಾಫಿ

ರುಮಟಾಯ್ಡ್ ಸಂಧಿವಾತಕ್ಕೆ ಮೊದಲು ಕೊಡುವ ಔಷಧಿ ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಅದು ಕೆಲಸ ಮಾಡುವ ದಾರಿಗಳಲ್ಲಿ ಒಂದು ದೇಹದಲ್ಲಿ ಅಡೆನೊಸಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಉರಿಯೂತ ಇಳಿಸುವುದು. ಕೆಫೀನ್ ಮಾಡುವುದು ಅಡೆನೊಸಿನ್ನಿನ ಬಾಗಿಲು ಮುಚ್ಚುವ ಕೆಲಸ. ಕಾಫಿ ಕುಡಿದರೆ ನಿದ್ದೆ ಹಾರುವುದೂ ಅದರಿಂದಲೇ. ಹಾಗಾದರೆ ಕಾಫಿ ಔಷಧಿಯನ್ನು ಕೆಡಿಸುತ್ತದೆಯೇ?

ಇಸ್ರೇಲಿನಲ್ಲಿ 39 ರೋಗಿಗಳ ಮೇಲೆ ನಡೆದ ಅಧ್ಯಯನ 2003ರಲ್ಲಿ ಹೌದು ಎಂದಿತು. ಹೆಚ್ಚು ಕೆಫೀನ್ ಸೇವಿಸುವವರಲ್ಲಿ ನೋವು, ಬೆಳಗಿನ ಬಿಗಿತ ಅಷ್ಟಾಗಿ ಇಳಿದಿರಲಿಲ್ಲ. ಮೂರೇ ವರ್ಷದಲ್ಲಿ ಅಮೆರಿಕದಲ್ಲಿ 264 ರೋಗಿಗಳನ್ನು ನೋಡಿದಾಗ ಅಂಥ ವ್ಯತ್ಯಾಸ ಸಿಗಲಿಲ್ಲ. ದೊಡ್ಡ ಅಧ್ಯಯನವನ್ನು ನಂಬುವುದು ಸರಿ. ಮಿತಿಯಲ್ಲಿ ಕುಡಿಯುವವರು ಹೆದರಬೇಕಾಗಿಲ್ಲ.

ಈ ಕತೆಗೆ ದೆಹಲಿಯಲ್ಲಿ ಅನಿರೀಕ್ಷಿತ ತಿರುವು ಸಿಕ್ಕಿತು. ಮೆಥೊಟ್ರೆಕ್ಸೇಟ್ ತೆಗೆದುಕೊಂಡ ದಿನ ಬಹಳ ಜನರಿಗೆ ಹೊಟ್ಟೆ ತೊಳಸುತ್ತದೆ. ಕೆಲವರಿಗೆ ಗುಳಿಗೆಯ ಹಳದಿ ಬಣ್ಣ ಕಂಡರೇ ವಾಂತಿ ಬಂದಂತಾಗುತ್ತದೆ. ಎಷ್ಟೋ ಮಂದಿ ಅದಕ್ಕೇ ಔಷಧಿ ಬಿಟ್ಟುಬಿಡುತ್ತಾರೆ. ನಮ್ಮ ದೇಶದ ಹಿರಿಯ ಸಂಧಿವಾತ ತಜ್ಞ ಡಾ. ಆನಂದ್ ಮಾಳವೀಯ ಅಂಥ ರೋಗಿಗಳಿಗೆ ಗುಳಿಗೆಯ ದಿನ ಕಾಫಿ ಅಥವಾ ಕಪ್ಪು ಚಾಕೊಲೇಟ್ ಕೊಟ್ಟು ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ತೊಳಸುವಿಕೆ ನಿಂತಿತು ಎಂದು 2017ರಲ್ಲಿ ವರದಿ ಮಾಡಿದರು. ಕೆಡಿಸುತ್ತದೆ ಎಂದು ದೂರು ಹೊತ್ತಿದ್ದ ಕಾಫಿಯೇ ಔಷಧಿ ಬಿಡದಂತೆ ಕಾಯಿತು. ಎಲ್ಲರಿಗೂ ಇದು ನಾಟುತ್ತದೆಂದಲ್ಲ. ವೈದ್ಯರನ್ನು ಕೇಳಿ ಮಾಡಬಹುದಾದ ಪ್ರಯತ್ನ.

ಕಾಫಿಯೇ ಈ ಕಾಯಿಲೆಗಳನ್ನು ತರುತ್ತದೆಯೇ ಎಂಬ ಹುಡುಕಾಟವೂ ನಡೆದಿದೆ. ರುಮಟಾಯ್ಡ್ ಸಂಧಿವಾತದ ವಿಷಯದಲ್ಲಿ ಫಿನ್ಲೆಂಡಿನಲ್ಲಿ 2000ದಲ್ಲಿ ದಿನಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕಪ್ಪು ಕುಡಿಯುವವರತ್ತ ಬೆರಳು ಹೋಯಿತು. ಅಮೆರಿಕದ ದಾದಿಯರ ದೊಡ್ಡ ಅಧ್ಯಯನದಲ್ಲಿ 2003ರಲ್ಲಿ ಅಂಥ ನಂಟು ಕಾಣಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಯ ವಿಷಯದಲ್ಲಿ 2016ರ ಸ್ವೀಡನ್, ಅಮೆರಿಕದ ಲೆಕ್ಕ ಕಾಫಿಯ ಪರವಾಗಿಯೇ ಬಂತು. ಇವುಗಳ ಮೇಲಿಂದ ಕಾಫಿಯನ್ನು ಶತ್ರು ಎನ್ನುವುದೂ ಮದ್ದು ಎನ್ನುವುದೂ ಸಲ್ಲ.

ಸುಸ್ತಿಗೆ ಸಾಲ ಬೇಡ

ಈ ಕಾಯಿಲೆಗಳವರ ಸುಸ್ತು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಎದ್ದಾಗಲೇ ಮೈ ದಣಿದಿರುತ್ತದೆ. ಹೊರಗಿನವರ ಕಣ್ಣಿಗೆ ಏನೂ ಕಾಣುವುದಿಲ್ಲ, 'ನೋಡಾಕ ಚಲೋ ಇದೀಯಲ್ಲ' ಎನ್ನುತ್ತಾರೆ. ಆ ಮಾತು ಎಷ್ಟು ನೋಯಿಸುತ್ತದೆಂದು ಹೇಳಿದವರಿಗೆ ಗೊತ್ತಿರುವುದಿಲ್ಲ. ಇಂಥವರು ಕಾಫಿಗೆ ಕೈ ಚಾಚುವುದು ಚಟದಿಂದಲ್ಲ, ಸಂಜೆಯವರೆಗೆ ನಿಂತುಕೊಳ್ಳಲು.

ಕೆಫೀನ್ ದಣಿವನ್ನು ಕಳೆಯುವುದಿಲ್ಲ, ದಣಿವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ಕುಡಿದದ್ದರಲ್ಲಿ ಅರ್ಧ ದೇಹದಿಂದ ಇಳಿಯಲು ಸುಮಾರು ಐದು ತಾಸು ಬೇಕು. ಬಸುರಿಯರಲ್ಲಿ ಇನ್ನೂ ಹೆಚ್ಚು. ಸಂಜೆ ಐದಕ್ಕೆ ಕುಡಿದ ಲೋಟದ ಅರ್ಧ ಪಾಲು ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ನಿದ್ದೆ ಕೆಟ್ಟರೆ ಮರುದಿನದ ನೋವು ಹೆಚ್ಚು, ನೋವಿಗೆ ಮತ್ತೆ ಕಾಫಿ. ಬೆಳಗಿನ ಎರಡು ಲೋಟ ಉಳಿಸಿಕೊಂಡು ಸಂಜೆಯದನ್ನು ಬಿಟ್ಟವರು ಹೆಚ್ಚು ಗೆದ್ದಿದ್ದಾರೆ ಎಂಬುದು ನನ್ನ ಸುತ್ತಲಿನವರನ್ನು ಕಂಡು ಹೇಳುವ ಮಾತು. ಒಮ್ಮೆಲೇ ಪೂರ್ತಿ ಬಿಟ್ಟರೆ ಒಂದು ದಿನದೊಳಗೆ ತಲೆನೋವು ಹತ್ತುತ್ತದೆ. ಕಾಯಿಲೆಯೇ ಕೆರಳಿತೆಂದು ಗಾಬರಿಯಾಗುವವರಿದ್ದಾರೆ. ನಿಧಾನವಾಗಿ ಇಳಿಸಬೇಕು.

ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಬೇರೆ ನೇಮ: ಅದು ತಿಂಡಿಯಾದ ಮೇಲಿನ ಗುಳಿಗೆ. ಬರಿ ಹೊಟ್ಟೆಯಲ್ಲಿ ಸ್ಟಿರಾಯ್ಡೂ ಕಾಫಿಯೂ ಸೇರಿದರೆ ಎದೆ ಉರಿ ಬರಬಹುದು.

ಇಷ್ಟು ಸಣ್ಣ ನೇಮಗಳಿರುವ ಕಡೆ ದೊಡ್ಡ ಸುಳ್ಳುಗಳು ಬೇಗ ಹರಡುತ್ತವೆ. ಕಾಫಿ, ಗೋಧಿ, ಹಾಲು ಬಿಟ್ಟರೆ ಥೈರಾಯ್ಡ್ ವಾಸಿ, ಗುಳಿಗೆ ಬೇಕಿಲ್ಲ ಎಂಬ ವಿಡಿಯೊಗಳು ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಿವೆ. ಹಾಳಾದ ಗ್ರಂಥಿ ಕಾಫಿ ಬಿಟ್ಟ ಮಾತ್ರಕ್ಕೆ ಹಾರ್ಮೋನು ಸುರಿಸುವುದಿಲ್ಲ. ಗುಳಿಗೆ ಬಿಟ್ಟವರಿಗೆ ಮೊದಲ ವಾರ ಏನೂ ಅನಿಸುವುದೂ ಇಲ್ಲ, ಏಕೆಂದರೆ ಲಿವೊಥೈರಾಕ್ಸಿನ್ನಿನ ಸುಮಾರು ಅರ್ಧ ಭಾಗ ಏಳು ದಿನ ಕಳೆದರೂ ರಕ್ತದಲ್ಲಿ ಉಳಿದಿರುತ್ತದೆ. ವಿಡಿಯೊ ನಿಜವೆಂಬ ನಂಬಿಕೆ ಗಟ್ಟಿಯಾಗುವುದು ಆ ವಾರದಲ್ಲೇ.

ಬಾಟಲಿಯ ಮೇಲೊಂದು ಚೀಟಿ

ಖಾನಾಪುರದ ಕಾಡಂಚಿನ ಊರುಗಳಿಂದ ತಪಾಸಣೆಗೆ ಬರುವುದು ಸುಲಭದ ಮಾತಲ್ಲ. ಭೀಮಗಡ ಕಾಡಿನೊಳಗಿನ ಆಮಗಾಂವದಿಂದ ಕಾಯಿಲೆಯವರನ್ನು ಹೊತ್ತು ತರಬೇಕಾದ ಸುದ್ದಿ 2024ರ ಮಳೆಗಾಲದಲ್ಲಿ ನಾಡಿಗೆಲ್ಲ ತಿಳಿಯಿತು. ಅಂಥ ದಾರಿ ತುಳಿದು ಬಂದವರಿಗೆ, ಚಹಾ ಕುಡಿದ ತಪ್ಪಿಗೆ ಇನ್ನೊಂದು ತಪಾಸಣೆ, ಇನ್ನೊಂದು ಪ್ರಮಾಣ, ಇನ್ನೊಂದು ಓಡಾಟ ಆಗಬಾರದು.

ಬಾಟಲಿಯ ಮೇಲೆ ಸೂಚನೆ ಇರುತ್ತದೆ, ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಕನ್ನಡ, ಮರಾಠಿ ಎರಡೂ ಓಡಾಡುವ ಈ ತಾಲ್ಲೂಕಿನ ಔಷಧಿ ಅಂಗಡಿಗಳು ಎರಡೂ ಭಾಷೆಯಲ್ಲಿ ಒಂದು ಚೀಟಿ ಮಾಡಿಸಿ ಬಾಟಲಿಗೆ ಅಂಟಿಸಬಹುದು: 'ಖಾಲಿ ಹೊಟ್ಟಿ. ಬರೇ ನೀರು. ಚಹಾ, ಕಾಫಿ ಒಂದು ತಾಸಿನ ಮ್ಯಾಲ. ಕಬ್ಬಿಣದ ಗುಳಿಗಿ ನಾಲ್ಕು ತಾಸಿನ ಮ್ಯಾಲ.' ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಕಬ್ಬಿಣದ ಗುಳಿಗೆ ಕೊಡುವಾಗ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಬಹುದು: ಮನೆಯಲ್ಲಿ ಬೆಳಿಗ್ಗೆ ಥೈರಾಯ್ಡ್ ಗುಳಿಗೆ ಯಾರು ತಗೋತಾರ, ಆ ಹೊತ್ತಿಗೆ ಚಹಾ ಯಾರು ಮಾಡ್ತಾರ? ಎರಡಕ್ಕೂ ಒಂದೇ ಹೆಸರು ಬಂದರೆ, ಗಂಡನನ್ನೂ ಅತ್ತೆಯನ್ನೂ ಕರೆದು ಕೂರಿಸಿಕೊಂಡು ಆ ಒಂದು ತಾಸಿನ ವಿಷಯ ಅವರಿಗೇ ಹೇಳಬೇಕು. ಇದಕ್ಕೆ ಸರ್ಕಾರದ ಆದೇಶ ಕಾಯಬೇಕಿಲ್ಲ, ಒಂದು ಅಂಗಡಿ, ಒಬ್ಬ ಕಾರ್ಯಕರ್ತೆ ನಾಳೆ ಬೆಳಿಗ್ಗೆಯೇ ಶುರು ಮಾಡಬಹುದು.